ಅಪ್ಪ, ಪಪ್ಪಾಯಿ ಮತ್ತು ಎರಡು ವರ್ಷದ ಪಥ್ಯ

ಕಳೆದ ತಿಂಗಳು ಅಡುಗೆಮನೆಯಲ್ಲಿ ಪಪ್ಪಾಯಿ ಹೆಚ್ಚುತ್ತಿದ್ದೆ. ಚೆನ್ನಾಗಿ ಕಳಿತ ಹಣ್ಣು, ಚಾಕು ಇಟ್ಟರೆ ತಾನಾಗಿಯೇ ಇಳಿಯುವಷ್ಟು ಮೆತ್ತಗೆ, ಕೆಂಪು ತಿರುಳಿನ ನಡುವೆ ಕಪ್ಪು ಬೀಜದ ರಾಶಿ. ಅಪ್ಪ ಬಾಗಿಲ ಹತ್ತಿರ ಬಂದು ನಿಂತರು. ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಒಂದು ಹೋಳು ತಿನ್ಲಾ ಮಗಳೇ? ಏನೂ ಆಗಲ್ಲ ಅಲ್ವಾ?"

ಎಪ್ಪತ್ತು ದಾಟಿದವರು, ನಮ್ಮನ್ನೆಲ್ಲ ತಿನ್ನಿಸಿ ಉಣ್ಣಿಸಿ ಬೆಳೆಸಿದವರು, ಒಂದು ಹೋಳು ಹಣ್ಣಿಗೆ ಅಪ್ಪಣೆ ಕೇಳುತ್ತಿದ್ದಾರೆ. ನನಗೆ ಗಂಟಲು ಕಟ್ಟಿತು.

ಶುಗರ್ ಬಂದಾಗಿನಿಂದ ಎರಡು ವರ್ಷ ಅಪ್ಪ ಹಣ್ಣಿನ ವಿಷಯದಲ್ಲಿ ಪೂರ್ತಿ ಬಾಯಿ ಕಟ್ಟಿಕೊಂಡಿದ್ದರು. ಮಾವು ಮುಟ್ಟಲೇಬೇಡಿ ಅಂತ ಒಬ್ಬರು ಹೇಳಿದರು, ಬಾಳೆಹಣ್ಣು ವಿಷ ಅಂತ ಇನ್ನೊಬ್ಬರು, ಹಲಸಂತೂ ಹೆಸರೇ ಎತ್ತಬೇಡಿ ಅಂತ ಮತ್ತೊಬ್ಬರು. ಅಪ್ಪ ಎಲ್ಲವನ್ನೂ ನಂಬಿದರು, ಎಲ್ಲವನ್ನೂ ಬಿಟ್ಟರು. ಆದರೆ ದಿನಕ್ಕೆ ಮೂರು ಸಲ ಟೀ ಜೊತೆ ಬಿಸ್ಕತ್ತು ನಡೆದೇ ಇತ್ತು. ಅದರ ಬಗ್ಗೆ ಯಾರೂ ತುಟಿ ಬಿಚ್ಚಿರಲಿಲ್ಲ, ನಾನೂ ಸೇರಿದಂತೆ. ಮೈದಾ, ಸಕ್ಕರೆ, ಎಣ್ಣೆ ಸೇರಿಸಿ ಮಾಡಿದ್ದು ಒಳಗೆ ಹೋಗುತ್ತಿತ್ತು, ನಾರು ನೀರು ತುಂಬಿದ ಹಣ್ಣು ಹೊರಗೆ ಉಳಿಯಿತು. ಈ ಹೆದರಿಕೆ ಎಷ್ಟು ಮನೆಗಳಲ್ಲಿದೆಯೋ ಗೊತ್ತಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ನೋಡೋಣ. 100 ಗ್ರಾಂ ಪಪ್ಪಾಯಿಯಲ್ಲಿ ಸಕ್ಕರೆ ಸುಮಾರು 8 ಗ್ರಾಂ. ಸೀಬೆಯಲ್ಲಿ 9, ಅನಾನಸಿನಲ್ಲಿ 10, ಬಾಳೆಹಣ್ಣಿನಲ್ಲಿ 12, ಮಾವಿನಲ್ಲಿ 14ರ ಆಸುಪಾಸು, ಹಲಸಿನ ತೊಳೆಯಲ್ಲಿ 19. ತಳಿ, ಹಣ್ಣಾದ ಹದ ನೋಡಿಕೊಂಡು ಆಚೀಚೆ ಆಗುತ್ತದೆ. ಅಂದರೆ ಎಲ್ಲ ಹಣ್ಣೂ ಒಂದೇ ಅಲ್ಲ, ಯಾವುದೂ ವಿಷವೂ ಅಲ್ಲ. ಎಷ್ಟು ತಿಂದೆವು, ಹೇಗೆ ತಿಂದೆವು ಅನ್ನುವುದೇ ಮುಖ್ಯ. ಅಪ್ಪನ ವೈದ್ಯರನ್ನು ಕೇಳಿದೆವು. ಸಣ್ಣ ಬಟ್ಟಲಲ್ಲಿ ಅರ್ಧ, ಊಟ ಆದ ತಕ್ಷಣ ಬೇಡ, ನಡುವೆ ತಿನ್ನಲಿ ಅಂದರು. ತಿನ್ನುವ ಮೊದಲು ಒಮ್ಮೆ ಬೆರಳು ಚುಚ್ಚಿ ನೋಡಿದೆವು, ಎರಡು ಗಂಟೆ ಬಿಟ್ಟು ಇನ್ನೊಮ್ಮೆ. ಏರಿತ್ತು, ಆದರೆ ವೈದ್ಯರು ಹೇಳಿದ ಮಿತಿಯೊಳಗೇ ಇತ್ತು. ಅಪ್ಪ ಮೀಟರನ್ನು ಕೈಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ಆ ಸಂಖ್ಯೆಯನ್ನೇ ನೋಡುತ್ತಿದ್ದರು.

ಇಲ್ಲೇ ಒಂದು ಮಾತು. ಹಣ್ಣು ಅಂದರೆ ಜ್ಯೂಸ್ ಅಲ್ಲ. ದಯವಿಟ್ಟು ಎರಡನ್ನೂ ಒಂದೇ ಮಾಡಬೇಡಿ. ಒಂದು ಮಾವು ತಿನ್ನಲು ಸಮಯ ಬೇಕು, ಅಗಿಯಬೇಕು, ಓಟೆ ಚೀಪಬೇಕು, ಅಷ್ಟರಲ್ಲಿ ಹೊಟ್ಟೆ ತುಂಬಿದ ಹಾಗಾಗುತ್ತದೆ. ಅದೇ ಎರಡು ಮಾವಿನ 400 ಗ್ರಾಂ ತಿರುಳನ್ನು ಮಿಕ್ಸಿಗೆ ಹಾಕಿ ಸೋಸಿದರೆ ಒಂದು ದೊಡ್ಡ ಲೋಟದಲ್ಲಿ 50 ಗ್ರಾಂಗಿಂತ ಜಾಸ್ತಿ ಸಕ್ಕರೆ, ಎರಡು ನಿಮಿಷದಲ್ಲಿ ಕುಡಿದು ಮುಗಿಯಿತು. ಸಕ್ಕರೆಯನ್ನು ನಿಧಾನವಾಗಿ ರಕ್ತಕ್ಕೆ ಬಿಡಬೇಕಾದ ನಾರು ಜರಡಿಯಲ್ಲೇ ಉಳಿದುಹೋಯಿತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆ ಬಗ್ಗೆ ಕೊಟ್ಟ ಮಾರ್ಗಸೂಚಿಯಲ್ಲಿ ಹಣ್ಣಿನ ರಸದ ಸಕ್ಕರೆಯನ್ನು ಕಡಿಮೆ ಮಾಡಬೇಕಾದ ಸಕ್ಕರೆಯ ಪಟ್ಟಿಗೇ ಸೇರಿಸಿದೆ. ಇಡೀ ಹಣ್ಣಿನಲ್ಲಿರುವ ಸಕ್ಕರೆಯನ್ನು ಸೇರಿಸಿಲ್ಲ. 2013ರಲ್ಲಿ ಅಮೆರಿಕದ ಸುಮಾರು 1,87,000 ಜನರ ಮಾಹಿತಿ ಇಟ್ಟುಕೊಂಡು ಮಾಡಿದ ಒಂದು ದೊಡ್ಡ ಅಧ್ಯಯನದಲ್ಲೂ ಇದೇ ಕಂಡಿತು. ಕೆಲವು ಹಣ್ಣುಗಳನ್ನು ಇಡಿಯಾಗಿ ತಿನ್ನುವವರಲ್ಲಿ ಸಕ್ಕರೆ ಕಾಯಿಲೆ ಕಡಿಮೆ, ದಿನಾ ಜ್ಯೂಸ್ ಕುಡಿಯುವವರಲ್ಲಿ ಜಾಸ್ತಿ. ಇಂಥ ಅಧ್ಯಯನದಿಂದ ಕಾರಣ ಪೂರ್ತಿ ಸಾಬೀತಾಗುವುದಿಲ್ಲ ನಿಜ, ಆದರೆ ಹಲ್ಲು ಇರುವ ಮಕ್ಕಳಿಗೆ ಹಣ್ಣನ್ನು ಸೋಸಿ ಕೊಡುವ ಅಭ್ಯಾಸ ನಿಲ್ಲಿಸಲು ನನಗೆ ಇಷ್ಟು ಸಾಕು.

ಈಗ ನನಗೆ ತುಂಬ ಇಷ್ಟವಾದ ಸೀಬೆಗೆ ಬರುತ್ತೇನೆ. ವಿಟಮಿನ್ ಸಿ ಅಂದಕೂಡಲೇ ಎಲ್ಲರ ಬಾಯಲ್ಲೂ ಕಿತ್ತಳೆ. 100 ಗ್ರಾಂ ಕಿತ್ತಳೆಯಲ್ಲಿ ಅದು ಸುಮಾರು 53 ಮಿಲಿಗ್ರಾಂ, ಅಷ್ಟೇ ತೂಕದ ಸೀಬೆಯಲ್ಲಿ 228! ದೊಡ್ಡವರಿಗೆ ದಿನಕ್ಕೆ ಬೇಕಾಗುವುದು 75ರಿಂದ 90 ಮಿಲಿಗ್ರಾಂ, ಹಾಗಾಗಿ ಅರ್ಧ ಸೀಬೆ ತಿಂದರೂ ಆ ದಿನದ ಲೆಕ್ಕ ಮುಗಿಯಿತು. ಜೊತೆಗೆ 5 ಗ್ರಾಂ ದಾಟುವ ನಾರು. ನನಗೆ ದೋರಗಾಯಿ ಇಷ್ಟ, ಹಲ್ಲಿಗೆ ಕಟಕ್ ಅನ್ನಬೇಕು, ಸಿಪ್ಪೆ ಸಮೇತ ತಿನ್ನಬೇಕು. ಸೊಪ್ಪು, ಕಾಳು, ಬೇಳೆಯಲ್ಲಿರುವ ಕಬ್ಬಿಣದ ಅಂಶವನ್ನು ಮೈ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಊಟದ ಜೊತೆ ವಿಟಮಿನ್ ಸಿ ಸಿಕ್ಕರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟ ಮುಗಿಯುತ್ತಿದ್ದ ಹಾಗೇ ಟೀ ಕುಡಿದರೆ ಇದಕ್ಕೆ ಉಲ್ಟಾ, ಅದು ಕಬ್ಬಿಣವನ್ನು ತಡೆಯುತ್ತದೆ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಇದೊಂದನ್ನು ಗಮನಿಸಿ ನೋಡಿ, ಊಟದ ಜೊತೆಗೆ ನಾಲ್ಕು ಹೋಳು ಸೀಬೆ, ಟೀ ಒಂದೆರಡು ಗಂಟೆ ಆಮೇಲೆ. ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನು ಮಾತ್ರ ಬಿಡಬೇಡಿ.

ಮಾವು, ಪಪ್ಪಾಯಿಯ ಆ ಹಳದಿ ಕೇಸರಿ ಬಣ್ಣ ಕೂಡ ಸುಮ್ನೆ ಚಂದಕ್ಕೆ ಇರುವುದಲ್ಲ. ಅದು ಕ್ಯಾರೊಟಿನ್ ಗುಂಪಿನ ಬಣ್ಣ, ಅದರಲ್ಲಿ ಕೆಲವನ್ನು ಮೈ ವಿಟಮಿನ್ ಎ ಆಗಿ ಮಾಡಿಕೊಳ್ಳುತ್ತದೆ. ಕಣ್ಣಿಗೂ, ರೋಗ ತಡೆಯುವುದಕ್ಕೂ ಬೇಕಾದದ್ದು. ಇದರ ಬಗ್ಗೆ ಓದುವಾಗ ಪೆಸಿಫಿಕ್ ಸಾಗರದ ಪೋನ್‌ಪೇ ಅನ್ನುವ ದ್ವೀಪದ ಕಥೆ ಸಿಕ್ಕಿತು, ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಅಲ್ಲಿ ಕರಾಟ್ ಅನ್ನುವ ಬಾಳೆ ಇದೆ, ತಿರುಳು ಹಳದಿ ಕೇಸರಿ ಬಣ್ಣ. ಹಿಂದೆ ಹಾಲು ಬಿಡಿಸುವ ಕೂಸುಗಳಿಗೆ ತಾಯಂದಿರು ಇದನ್ನೇ ತಿನ್ನಿಸುತ್ತಿದ್ದರು. ಆಮೇಲೆ ಹೊರಗಿನಿಂದ ಅಕ್ಕಿ, ಮೈದಾ ಬಂತು, ಕರಾಟ್ ಮೂಲೆಗೆ ಸರಿಯಿತು, ಮಕ್ಕಳಲ್ಲಿ ವಿಟಮಿನ್ ಎ ಕೊರತೆ ಕಾಣಿಸಿಕೊಂಡಿತು. ಲೋಯಿಸ್ ಎಂಗಲ್‌ಬರ್ಗರ್ ಅನ್ನುವ ಸಂಶೋಧಕಿ ಆ ಬಾಳೆಗಳನ್ನು ಪರೀಕ್ಷೆಗೆ ಕಳಿಸಿದಾಗ, ಮಾಮೂಲಿ ಬಿಳಿ ತಿರುಳಿನ ಬಾಳೆಗಿಂತ ಎಷ್ಟೋ ಪಟ್ಟು ಹೆಚ್ಚು ಕ್ಯಾರೊಟಿನ್ ಅದರಲ್ಲಿತ್ತು. ಔಷಧಿ ಹಿತ್ತಲಲ್ಲೇ ಇತ್ತು, ಜನ ಅದನ್ನು ಮರೆತಿದ್ದರು. ಎಂಗಲ್‌ಬರ್ಗರ್ ಬದುಕಿರುವವರೆಗೂ ಅಲ್ಲಿನ ಜನರ ಜೊತೆ ಸೇರಿ ಅದನ್ನು ಮತ್ತೆ ನೆನಪಿಸುವ ಕೆಲಸ ಮಾಡಿದರು. ಅಂದಹಾಗೆ ಈ ಕ್ಯಾರೊಟಿನ್ ಮೈಗೆ ಹತ್ತಬೇಕಾದರೆ ಸ್ವಲ್ಪ ಜಿಡ್ಡು ಬೇಕು. ಒಂದು ಹಿಡಿ ಬೀಜವೋ, ಒಂದು ತುಂಡು ಬೆಣ್ಣೆಹಣ್ಣೋ ಜೊತೆಗಿದ್ದರೆ ಆಯಿತು.

ಅನಾನಸ್ ತಿಂದಾಗ ನಾಲಿಗೆ ಚುರುಚುರು ಅನ್ನುತ್ತದಲ್ಲ, ಅದಕ್ಕೆ ಮುಖ್ಯವಾಗಿ ಬ್ರೊಮೆಲೈನ್ ಅನ್ನುವ ಕಿಣ್ವ ಕಾರಣ. ಅದು ಪ್ರೋಟೀನನ್ನು ಕರಗಿಸುತ್ತದೆ, ನಾಲಿಗೆಯ ಮೇಲೂ ಅದೇ ಕೆಲಸ ಶುರುಮಾಡುತ್ತದೆ. ಬೇಯಿಸಿದರೆ ಆ ಗುಣ ಹೋಗುತ್ತದೆ. ಇಷ್ಟಕ್ಕೇ ಅನಾನಸ್ ತಿಂದರೆ ಮೊಣಕಾಲು ನೋವು ಮಾಯ ಅಂತ ಬರೆಯುವವರನ್ನು ನಂಬಬೇಡಿ. ಒಂದು ಬಟ್ಟಲು ಹಣ್ಣಿನಲ್ಲಿರುವುದು ಬೇರೆ, ಪ್ರಯೋಗಗಳಲ್ಲಿ ಮಾತ್ರೆಯಾಗಿ ಕೊಡುವ ಪ್ರಮಾಣ ಬೇರೆ.

ಬಾಳೆಯದು ಹದದ ವಿಷಯ. ಕಾಯಿಯಾಗಿದ್ದಾಗ ಪಿಷ್ಟ ಜಾಸ್ತಿ, ಅದರಲ್ಲಿ ಒಂದಷ್ಟು ಸಣ್ಣ ಕರುಳಿನಲ್ಲಿ ಕರಗದೆ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಸಿಪ್ಪೆ ಮೇಲೆ ಕಂದು ಚುಕ್ಕೆ ಬರುವ ಹೊತ್ತಿಗೆ ಆ ಪಿಷ್ಟವೆಲ್ಲ ಹೆಚ್ಚುಕಡಿಮೆ ಸಕ್ಕರೆಯಾಗಿರುತ್ತದೆ. ಶುಗರ್ ಇರುವವರು ತೀರಾ ಕಳಿತದ್ದನ್ನು ಬಿಟ್ಟು ಸ್ವಲ್ಪ ಗಟ್ಟಿಯಾಗಿರುವಾಗಲೇ, ಚಿಕ್ಕದು ಒಂದು ತಿನ್ನುವುದು ಒಳ್ಳೆಯದು. ಬಾಳೆಯಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ, ಬಿಪಿ ಹತೋಟಿಗೆ ಅದು ಸಹಾಯ ಮಾಡುತ್ತದೆ.

ಆದರೆ ಕಿಡ್ನಿ ಕೆಟ್ಟವರಿಗೆ ಇದೇ ಪೊಟ್ಯಾಸಿಯಂ ಹೊರಗೆ ಹೋಗದೆ ರಕ್ತದಲ್ಲಿ ಉಳಿದು ಹೃದಯಕ್ಕೆ ತೊಂದರೆ ಕೊಡಬಹುದು. ಅವರು ಎಷ್ಟು ತಿನ್ನಬೇಕು ಅನ್ನುವುದನ್ನು ವೈದ್ಯರೇ ಹೇಳಬೇಕು. ಇನ್ನು ಕಮರಾಕ್ಷಿ, ಅದೇ ಅಡ್ಡಕ್ಕೆ ಕೊಯ್ದರೆ ನಕ್ಷತ್ರದ ಹಾಗೆ ಕಾಣುವ ಸ್ಟಾರ್ ಫ್ರೂಟ್. ಕಿಡ್ನಿ ಕಾಯಿಲೆ ಇರುವವರು ಅದನ್ನು ಒಂದು ಹೋಳೂ ಬಾಯಿಗೆ ಹಾಕಬಾರದು. ಅದರಲ್ಲಿ ಕ್ಯಾರಂಬಾಕ್ಸಿನ್ ಅನ್ನುವ ವಿಷ ಇದೆ, ಬ್ರೆಜಿಲ್‌ನ ವಿಜ್ಞಾನಿಗಳು 2013ರಲ್ಲಿ ಅದನ್ನು ಗುರುತಿಸಿದರು. ಕಿಡ್ನಿ ಚೆನ್ನಾಗಿದ್ದರೆ ಅದು ಹೊರಗೆ ಹೋಗುತ್ತದೆ, ಇಲ್ಲದಿದ್ದರೆ ಮಿದುಳಿಗೆ ಹತ್ತುತ್ತದೆ. ಮೊದಲು ನಿಲ್ಲದ ಬಿಕ್ಕಳಿಕೆ, ಆಮೇಲೆ ಗೊಂದಲ, ಫಿಟ್ಸ್. ಸತ್ತವರೂ ಇದ್ದಾರೆ. ಮನೆಯಲ್ಲಿ ಕಿಡ್ನಿಯ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಜಾಸ್ತಿ ಬಂದವರು ಇದ್ದರೆ ಈ ಪ್ಯಾರಾ ಒಂದನ್ನಾದರೂ ಓದಿ ಹೇಳಿ.

ಲಿಚಿಯದೂ ಹೀಗೇ ಒಂದು ಎಚ್ಚರಿಕೆ. ಬಿಹಾರದ ಮುಜಫ್ಫರ್‌ಪುರದಲ್ಲಿ ವರ್ಷ ವರ್ಷವೂ ಬೇಸಿಗೆಯಲ್ಲಿ ಮಕ್ಕಳು ಬೆಳಗಿನ ಜಾವ ಫಿಟ್ಸ್ ಬಂದು ಸಾಯುತ್ತಿದ್ದರು. 2014ರಲ್ಲಿ ನಡೆದ ತನಿಖೆಯಲ್ಲಿ ಗೊತ್ತಾಗಿದ್ದು, ಲಿಚಿ ತಿಂದು ರಾತ್ರಿ ಊಟ ಮಾಡದೆ ಮಲಗಿದ ಮಕ್ಕಳು ಕಾಯಿಲೆ ಬೀಳುವ ಸಾಧ್ಯತೆ ತುಂಬ ಹೆಚ್ಚು ಅಂತ. ಉಪವಾಸ ಇದ್ದಾಗ ಮೈ ತಾನೇ ಸಕ್ಕರೆ ತಯಾರಿಸಿಕೊಳ್ಳುವುದನ್ನು ಲಿಚಿಯಲ್ಲಿರುವ ಒಂದು ಅಂಶ ತಡೆಯುತ್ತದೆ. ಹೊಟ್ಟೆ ತುಂಬ ಉಂಡ ಮಗುವಿಗೆ ಕೆಲವು ಲಿಚಿಯಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆ ಮಕ್ಕಳ ನಿಜವಾದ ಕೊರತೆ ರಾತ್ರಿಯ ಊಟ. ಇದನ್ನು ಓದಿದ ದಿನ ನನಗೆ ನಿದ್ದೆ ಹತ್ತಲಿಲ್ಲ.

ಕೊನೆಗೆ ನನಗೆ ಸಿಟ್ಟು ಬರುವ ವಿಷಯ. ಲಕ್ಷ್ಮಣಫಲ, ಮೈಮೇಲೆ ಮೆತ್ತನೆ ಮುಳ್ಳಿರುವ ಹಣ್ಣು, ಕೀಮೋಥೆರಪಿಗಿಂತ 10,000 ಪಟ್ಟು ಶಕ್ತಿಶಾಲಿ ಅನ್ನುವ ಮೆಸೇಜ್ ನಿಮಗೂ ಬಂದಿರಬಹುದು. ಪ್ರಯೋಗಾಲಯದ ತಟ್ಟೆಯಲ್ಲಿ ಜೀವಕೋಶದ ಮೇಲೆ ನಡೆದ ಪರೀಕ್ಷೆಯಿಂದ ಹುಟ್ಟಿದ ಮಾತು ಅದು. ಮನುಷ್ಯರಲ್ಲಿ ಅದು ಕ್ಯಾನ್ಸರ್ ಗುಣಪಡಿಸಿದ್ದಕ್ಕೆ ಆಧಾರವಿಲ್ಲ. ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣು, ಇದರ ಎಲೆಯ ಕಷಾಯ ತುಂಬ ಬಳಸುವವರಲ್ಲಿ ಪಾರ್ಕಿನ್ಸನ್ ಥರದ, ಮೈ ಬಿಗಿದು ನಡಿಗೆ ನಿಧಾನವಾಗುವ ಕಾಯಿಲೆ ಹೆಚ್ಚು ಕಂಡಿದ್ದನ್ನು ವೈದ್ಯರು 1999ರಲ್ಲೇ ಬರೆದಿದ್ದಾರೆ. ರುಚಿಗೆ ಅಪರೂಪಕ್ಕೆ ತಿನ್ನಿ, ಬೇಡ ಅನ್ನಲ್ಲ. ಆದರೆ ಕ್ಯಾನ್ಸರ್ ಬಂದವರಿಗೆ ಚಿಕಿತ್ಸೆ ಬಿಟ್ಟು ಕಷಾಯ ಕುಡಿ ಅಂತ ಹೇಳುವವರು ಒಂದು ಜೀವದ ಜೊತೆ ಆಡುತ್ತಿದ್ದಾರೆ. ಅಂಥ ಮೆಸೇಜ್ ಬಂದರೆ ನಿಮ್ಮಲ್ಲೇ ಅಳಿಸಿಬಿಡಿ, ಮುಂದೆ ಕಳಿಸಬೇಡಿ.

ದಿನಕ್ಕೆ ಹಣ್ಣು ತರಕಾರಿ ಸೇರಿ ಕನಿಷ್ಠ 400 ಗ್ರಾಂ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಮನೆಯಲ್ಲಿ ತೂಕ ಮಾಡಿದೆ. ಅಪ್ಪನ ತಟ್ಟೆಯಲ್ಲಿ ಅದರ ಅರ್ಧವೂ ಇರಲಿಲ್ಲ. ಈಗ ಸಂಜೆಯ ಬಿಸ್ಕತ್ತಿನ ಜಾಗಕ್ಕೆ ಸೀಬೆ ಬಂದಿದೆ, ಇನ್ನೆರಡು ಹೊತ್ತಿನದ್ದು ಇನ್ನೂ ಬಿಟ್ಟಿಲ್ಲ. ಈ ಭಾನುವಾರ ಮಾವು. ಅರ್ಧ ಹಣ್ಣು, ಮೀಟರ್ ಪಕ್ಕದಲ್ಲೇ ಇರುತ್ತದೆ. ಹೆಚ್ಚುವುದು ತಾನೇ, ಓಟೆಯೂ ತನಗೇ ಅಂತ ಅಪ್ಪ ಈಗಲೇ ಹೇಳಿಬಿಟ್ಟಿದ್ದಾರೆ.