ಯಜಮಾನ್ರು ಟಿವಿಯಲ್ಲಿ ನೋಡಿದರಂತೆ

2005ರ ನವೆಂಬರ್ 22ರಂದು ಅಂಗೆಲಾ ಮೆರ್ಕೆಲ್ ಜರ್ಮನಿಯ ಚಾನ್ಸಲರ್ ಆದರು, ಅಂದರೆ ನಮ್ಮ ಪ್ರಧಾನಿ ಇದ್ದ ಹಾಗೆ. ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ಅವರೇ. ಗಂಡ ಯೋಆಖಿಮ್ ಸೌವರ್ ಮಾತ್ರ ಪ್ರಮಾಣವಚನಕ್ಕೆ ಬಂದಿರಲಿಲ್ಲ. ಕೆಲಸದ ಜಾಗದಲ್ಲೇ ಟಿವಿ ಹಾಕಿ ನೋಡಿದರಂತೆ.

ನಾನು ಜರ್ಮನಿಯ ಲೈಪ್ಜಿಗ್‌ ಊರಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯ ಅಜ್ಜಿ ಇದನ್ನು ಹೇಳಿದರು. ಅವರಿಗೆ ಅದರಲ್ಲಿ ಏನೂ ವಿಶೇಷ ಕಂಡಿರಲಿಲ್ಲ. ನನಗೆ ಮಾತ್ರ ಬೆಂಗಳೂರಿನ ಫ್ಲೆಕ್ಸುಗಳು ನೆನಪಾದವು. ಗೆದ್ದವಳು ಹೆಂಡತಿ, ದೊಡ್ಡ ಫೋಟೋ ಗಂಡಂದು.

2015ರ ಅಕ್ಟೋಬರ್‌ನಲ್ಲಿ ಮೆರ್ಕೆಲ್ ಬೆಂಗಳೂರಿಗೇ ಬಂದರು, ಆಡುಗೋಡಿಯ ಬಾಷ್ ಕಂಪನಿಗೆ. ನಾನೂ ರಜೆಗೆ ಜಯನಗರದ ಮನೆಯಲ್ಲಿದ್ದೆ. ಟಿವಿ ನೋಡುತ್ತಿದ್ದ ಅಮ್ಮ ಕೇಳಿದ ಮೊದಲ ಪ್ರಶ್ನೆ: 'ಇವರ ಯಜಮಾನ್ರು ಏನ್ ಮಾಡ್ತಾರೋ?'

'ಕೆಮಿಸ್ಟ್ರಿ ಪ್ರೊಫೆಸರ್ ಅಮ್ಮ.'

'ಮತ್ತೆ ಆಫೀಸೆಲ್ಲ ನೋಡ್ಕೊಳ್ಳೋದು ಯಾರು?'

ನಗು ಬಂತು. ಆದರೆ ಅಮ್ಮ ಕೇಳಿದ್ದರಲ್ಲಿ ತಪ್ಪೇನಿದೆ? ಎರಡು ತಿಂಗಳ ಹಿಂದಷ್ಟೇ ಪಾಲಿಕೆ ಚುನಾವಣೆ ಮುಗಿದಿತ್ತು. ಒಟ್ಟು 198 ವಾರ್ಡು, ಅರ್ಧ ಹೆಂಗಸರಿಗೆ ಮೀಸಲು. ಮನೆಗೆ ಓಟು ಕೇಳಲು ಬಂದವರಲ್ಲಿ ಮಾತೆಲ್ಲ ಗಂಡಂದೇ. ಅಭ್ಯರ್ಥಿ ಸುಮ್ನೆ ಕೈ ಮುಗಿದು ಪಕ್ಕದಲ್ಲಿ ನಿಂತಿದ್ದರು.

ಮೆರ್ಕೆಲ್ ಯಾರ ಪಕ್ಕದಲ್ಲೂ ನಿಂತು ಬಂದವರಲ್ಲ. ಹುಟ್ಟಿದ್ದು 1954ರಲ್ಲಿ, ಹ್ಯಾಂಬರ್ಗ್‌ನಲ್ಲಿ. ತಂದೆ ಪಾದ್ರಿ. ಕೂಸಾಗಿದ್ದಾಗಲೇ ಮನೆಯವರು ಪೂರ್ವ ಜರ್ಮನಿಗೆ ಹೋದರು. ಫಿಸಿಕ್ಸ್ ಓದಿದ್ದು ನಮ್ಮ ಲೈಪ್ಜಿಗ್‌ನಲ್ಲೇ. (ನಮ್ಮ ಲೈಪ್ಜಿಗ್ ಅಂತ ಬರೆಯುವಷ್ಟು ವರ್ಷ ಆಯಿತು ನನಗೂ.) 1989ರ ನವೆಂಬರ್ 9ರ ಸಂಜೆ ಬರ್ಲಿನ್ ಗೋಡೆ ತೆರೆಯುವ ಸುದ್ದಿ ಬಂದಾಗಲೂ ಅವರು ಎಂದಿನಂತೆ ಗೆಳತಿಯ ಜೊತೆ ಸೌನಾಕ್ಕೆ, ಅಂದರೆ ಬಿಸಿ ಹಬೆಯ ಸ್ನಾನಕ್ಕೆ ಹೋಗಿದ್ದರು. ಗುರುವಾರದ ಸೌನಾ ತಪ್ಪಿಸುವ ಹಾಗಿರಲಿಲ್ಲ! ಗೋಡೆ ದಾಟಿದ್ದು ಆಮೇಲೆ. 35 ವರ್ಷದ ಆ ವಿಜ್ಞಾನಿ 1991ರ ಜನವರಿಗೆ ಕೇಂದ್ರ ಮಂತ್ರಿ.

ಅವರನ್ನು ಮಂತ್ರಿ ಮಾಡಿದವರು ಆಗಿನ ಚಾನ್ಸಲರ್ ಹೆಲ್ಮುಟ್ ಕೋಲ್. 'ಕೋಲ್ ಅವರ ಹುಡುಗಿ' ಅಂತಲೇ ಜನ ಆಡಿಕೊಳ್ಳುತ್ತಿದ್ದರು. 1999ರಲ್ಲಿ ಪಕ್ಷದ ದೇಣಿಗೆ ಹಗರಣದಲ್ಲಿ ಕೋಲ್ ಸಿಕ್ಕಿಬಿದ್ದರು. ದೊಡ್ಡ ದೊಡ್ಡ ಗಂಡಸರೆಲ್ಲ ಬಾಯಿ ಮುಚ್ಚಿ ಕೂತಿದ್ದಾಗ, ಪಕ್ಷ ಇನ್ನು ಕೋಲ್ ಅವರ ಕೈ ಬಿಟ್ಟು ತಾನೇ ನಡೆಯುವುದನ್ನು ಕಲಿಯಬೇಕು ಅಂತ ಈ ಹುಡುಗಿ ಪತ್ರಿಕೆಯಲ್ಲೇ ಬರೆದರು. ಮರುವರ್ಷ ಪಕ್ಷದ ಅಧ್ಯಕ್ಷೆ. ಆಮೇಲೆ 16 ವರ್ಷ ಚಾನ್ಸಲರ್. ಇಷ್ಟಾದರೂ ಇಲ್ಲಿನವರು ಇಟ್ಟ ಅಡ್ಡಹೆಸರು 'ಮುಟಿ', ಅಂದರೆ ಅಮ್ಮ. ಮೊದಮೊದಲು ಅದು ಕುಹಕವೇ.

ಜರ್ಮನಿಯೇ ಮೇಲು ಅಂತ ನಾನು ಹೇಳುತ್ತಿಲ್ಲ. ನಾವು 1966ರಲ್ಲೇ ಇಂದಿರಾ ಗಾಂಧಿಯವರನ್ನು ಪ್ರಧಾನಿ ಮಾಡಿದೆವು. ಇವರಿಗೆ ಇನ್ನೂ 39 ವರ್ಷ ಬೇಕಾಯಿತು. ಇವರ ಸಂಸತ್ತಿನಲ್ಲಿ ಹೆಂಗಸರು ಎಂದೂ ಅರ್ಧ ಮುಟ್ಟಿಲ್ಲ. ಆದರೆ ಇಂದಿರಾ ನೆಹರೂ ಮಗಳು. ಮತ್ತೆ ಕರ್ನಾಟಕಕ್ಕೆ ಇವತ್ತಿನವರೆಗೂ ಒಬ್ಬ ಮಹಿಳಾ ಮುಖ್ಯಮಂತ್ರಿ ಬಂದಿಲ್ಲ, ಅಲ್ವಾ? ಕುರ್ಚಿ ಕೊಡುವುದರಲ್ಲಿ ನಾವು ಧಾರಾಳಿಗಳು. ಫೋನ್ ಕೊಡುವುದರಲ್ಲಿ ಮಾತ್ರ ಜಿಪುಣರು.

ಫೋನ್ ಅಂದದ್ದು ಯಾಕೆಂದರೆ, ಮುಂದಿನ ಮಳೆಗಾಲದಲ್ಲಿ ನಮ್ಮ ಬೀದಿಯ ಚರಂಡಿ ಕಟ್ಟಿತು. ಅಮ್ಮ ಕಾರ್ಪೊರೇಟರ್ ನಂಬರಿಗೆ ಫೋನ್ ಮಾಡಿದರು. ಎತ್ತಿದ್ದು ಗಂಡ. 'ಹೇಳಿ ಅಮ್ಮ, ನಾನೇ ನೋಡ್ಕೊಳ್ಳೋದು' ಅಂದರಂತೆ.

'ನಾನು ಓಟು ಹಾಕಿದ್ದು ನಿಮಗಲ್ಲಪ್ಪ, ಮೇಡಂಗೆ ಕೊಡಿ' ಅಂದರಂತೆ ಅಮ್ಮ.

ಸ್ವಲ್ಪ ಹೊತ್ತು ಆ ಕಡೆಯಿಂದ ಬರೀ ಕುಕ್ಕರ್ ಶಬ್ದ. ಆಮೇಲೆ ಒಂದು ಹೆಣ್ಣು ದನಿ, ಮೆಲ್ಲಗೆ: 'ಯಾವ ಕ್ರಾಸು ಆಂಟಿ?'