ಮೂಗಿಗೆ ಪ್ರಮಾಣಪತ್ರವಿಲ್ಲ

ನೀರಿನಲ್ಲಿ ಬೆರೆತ ಔಷಧಿಯನ್ನು ಪತ್ತೆಹಚ್ಚಿ ಹೀರಿಕೊಳ್ಳುವ ಪಾಲಿಮರ್, ಅಂದರೆ ಪ್ಲಾಸ್ಟಿಕ್ಕಿನಂಥ ವಸ್ತು, ಬಂದಿದೆಯಂತೆ. ಸುದ್ದಿ ಓದಿ ಯಾದಗಿರಿಯ ಕಡೇಚೂರು, ಬಾಡಿಯಾಳದ ಜನ ನಕ್ಕಿರಬೇಕು. ಅಲ್ಲಿ ಪತ್ತೆಯ ಕೆಲಸ ಎಂದೋ ಮುಗಿದಿದೆ. ರಾತ್ರಿ ಗಾಳಿ ಈ ಕಡೆ ತಿರುಗಿದರೆ ಸಾಕು, ಮುಸುಕೆಳೆದು ಮಲಗಿದವನೂ ವಾಸನೆಯಿಂದಲೇ ಔಷಧಿ ಕಾರ್ಖಾನೆ ಯಾವ ದಿಕ್ಕಿಗಿದೆ ಎಂದು ಹೇಳಬಲ್ಲ. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಆಸುಪಾಸಿನವರಿಗೂ ಈ ವಿದ್ಯೆ ಕರತಲಾಮಲಕ. ತೊಡಕು ಇಷ್ಟೇ: ಮೂಗಿಗೆ ಪ್ರಯೋಗಾಲಯದ ಪ್ರಮಾಣಪತ್ರವಿಲ್ಲ.

ಆದರೂ ಪಾಲಿಮರನ್ನು ಹೊಗಳಲೇಬೇಕು. ಹಿಡಿಯಬೇಕಾದ ಔಷಧಿಯ ಅಣುವನ್ನೇ ಮೊದಲು ತಂದು ನಡುವೆ ಕೂರಿಸುತ್ತಾರೆ. ಮೆಥಾಕ್ರಿಲಿಕ್ ಆಮ್ಲದಂಥ ಕಿರಿಯ ಅಣುಗಳು ಅದರ ಸುತ್ತ ನೆರೆಯುತ್ತವೆ. ಎಲ್ಲವನ್ನೂ ಬಿಗಿಯಾಗಿ ಹೆಣೆದು ಗಟ್ಟಿ ಮಾಡಿ, ಆಮೇಲೆ ಔಷಧಿಯನ್ನು ತೊಳೆದು ತೆಗೆದರೆ ಅದರದೇ ಆಕಾರದ ಕುಳಿ ಉಳಿಯುತ್ತದೆ. ಮುಂದೆ ಅದೇ ಔಷಧಿ ನೀರಿನಲ್ಲಿ ಬಂದಾಗ ಹುಡುಕಿಕೊಂಡು ಹೋಗಿ ಆ ಕುಳಿಯಲ್ಲಿ ಕೂರುತ್ತದೆ. ಬಿದ್ರಿ ಕುಶಲಕರ್ಮಿ ಉಳಿಯಿಂದ ಗೀರು ಕೊರೆದು, ಅದಕ್ಕೆ ಸರಿಯಾಗಿ ಬೆಳ್ಳಿ ತಂತಿ ಕೂರಿಸುವುದನ್ನು ಕಂಡವರಿಗೆ ಇದು ಅಷ್ಟೇನೂ ಹೊಸದೆನಿಸದು.

ಅಂದ ಹಾಗೆ, ಬಿದ್ರಿಗೆ ಆ ಕಡುಗಪ್ಪು ಬರುವುದು ಬೀದರ್ ಕೋಟೆಯ ಹಳೆಯ ಮಣ್ಣಿನಿಂದ. ನವಸಾಗರದ ಜೊತೆ ಕಲಸಿದ ಆ ಮಣ್ಣಿನ ನೀರಿನಲ್ಲಿ ಪಾತ್ರೆಯನ್ನು ಕಾಯಿಸುತ್ತಾರೆ. ಯಾವ ಮೂಲೆಯ ಮಣ್ಣು ಒಳ್ಳೆಯದೆಂದು ನಾಲಿಗೆಗೆ ಹಚ್ಚಿಯೇ ಹೇಳುವ ಹಿರಿಯರಿದ್ದಾರೆ. ಇಂಥವರನ್ನು ಮಾಲಿನ್ಯ ತಪಾಸಣೆಗೆ ನೇಮಿಸಿಕೊಂಡರೆ ಪಾಲಿಮರಿನ ಖರ್ಚೇ ಉಳಿಯುತ್ತಿತ್ತು. ಆದರೆ ನಮ್ಮ ಹಳ್ಳಗಳ ನೀರನ್ನು ನಾಲಿಗೆಗೆ ಹಚ್ಚಿ ನೋಡಿ ಎಂದು ಹಿರಿಯರಿಗೆ ಯಾವ ಬಾಯಿಂದ ಹೇಳುವುದು?

ಬೀದರಿನಿಂದ ಹೈದರಾಬಾದಿನ ದವಾಖಾನೆಗೆ ಹೊರಟವರು ದಾರಿಯಲ್ಲಿ ಪಟಾನ್‌ಚೆರು ದಾಟುತ್ತಾರೆ. ಅಲ್ಲಿ ಔಷಧಿ ಕಾರ್ಖಾನೆಗಳ ಕೊಳಚೆಯನ್ನು ಸಂಸ್ಕರಿಸಿ ಬಿಟ್ಟ ನೀರಿನಲ್ಲಿ, ಹೌದು, ಸಂಸ್ಕರಿಸಿದ ಮೇಲೆಯೇ, ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್, ಅಂದರೆ ರೋಗಾಣು ಕೊಲ್ಲುವ ಔಷಧಿ, ಸಿಕ್ಕಿದ್ದು 2007ರ ಅಧ್ಯಯನದಲ್ಲಿ ದಾಖಲಾಗಿದೆ. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ. ದವಾಖಾನೆಯ ಬಿಲ್ಲು ಉಳಿಸಲು ಅಲ್ಲೇ ಇಳಿದು ಒಂದು ತಂಬಿಗೆ ತುಂಬಿಕೊಳ್ಳೋಣವೆಂದರೆ, ಅಂಥ ನೀರಿನಲ್ಲಿ ಬದುಕುಳಿಯುವ ರೋಗಾಣುಗಳು ಆ ಔಷಧಿಗೆ ಸೊಪ್ಪು ಹಾಕುವಂಥವಲ್ಲ. ನೀರನ್ನು ಕುದಿಸಿ, ಆರಿಸಿ ಕುಡಿಯಿರಿ ಎಂಬ ಗೋಡೆಬರಹವೂ ಇಲ್ಲಿ ಉಪಯೋಗಕ್ಕಿಲ್ಲ. ಕುದಿಸಿದರೆ ರೋಗಾಣು ಸಾಯುತ್ತದೆ, ಸಿಪ್ರೊಫ್ಲಾಕ್ಸಾಸಿನ್ ಜಗ್ಗುವುದಿಲ್ಲ.

ಔಷಧಿಯನ್ನು ಪೂರ್ತಿಯಾಗಿ ತೆಗೆದುಹಾಕುವ ತಂತ್ರಜ್ಞಾನ ದೆಹಲಿಯಲ್ಲಿ ಮೊದಲೇ ಇತ್ತೆನ್ನುವುದನ್ನು ವಿಜ್ಞಾನಿಗಳು ಗಮನಿಸಿದಂತಿಲ್ಲ. ಕಾರ್ಖಾನೆಯ ತ್ಯಾಜ್ಯನೀರಿನಲ್ಲಿ ಆಂಟಿಬಯಾಟಿಕ್ ಶೇಷ ಎಷ್ಟಿರಬಹುದೆಂದು 2020ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಕರಡು ನಿಯಮ ಹೊರಡಿಸಿತು. 2021ರ ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಆ ಮಿತಿಗಳು ಅದರಲ್ಲಿರಲಿಲ್ಲ. ಕಾಗದದಿಂದ ಇಷ್ಟು ಚೊಕ್ಕವಾಗಿ ತೆಗೆಯುವುದು ಯಾವ ಪಾಲಿಮರಿಗೂ ಸಾಧ್ಯವಿಲ್ಲ.

ಹೀಗಿರುವಾಗ ಪಾಲಿಮರ್ ಏನನ್ನು ಪತ್ತೆಹಚ್ಚಿದರೇನು? ಇಷ್ಟಿದೆ ಎಂದು ಅದು ಹೇಳುತ್ತದೆ. ಎಷ್ಟಿರಬಾರದು ಎಂದು ಹೇಳಬೇಕಾದವರು ಬಾಯಿ ಬಿಡುವುದಿಲ್ಲ. ಊರಿನವರು ಅರ್ಜಿ ಕೊಡುತ್ತಾರೆ, ಸಾಹೇಬರು ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗುತ್ತಾರೆ, ವರದಿ ಬರುವುದಿಲ್ಲ. ಬಂದರೆ ಎಲ್ಲವೂ ಮಿತಿಯಲ್ಲಿದೆ ಎಂದಿರುತ್ತದೆ. ಇಲ್ಲದ ಮಿತಿಯನ್ನು ಯಾರು ತಾನೇ ಮೀರಲು ಸಾಧ್ಯ? ನಗು ಬರುವುದಿಲ್ಲ, ಸುಸ್ತಾಗುತ್ತದೆ. ಅದೇ ಬಾವಿಯ ನೀರನ್ನು ಮಕ್ಕಳು ಕುಡಿಯಬೇಕು.

ಇನ್ನೊಂದು ಮಾತು. ಕುಳಿಗಳೆಲ್ಲ ತುಂಬಿದ ಮೇಲೆ ಪಾಲಿಮರನ್ನು ದ್ರಾವಕದಲ್ಲಿ ತೊಳೆದು ಮತ್ತೆ ಬಳಸಬಹುದಂತೆ, ಉಳಿತಾಯವಂತೆ. ಸಂತೋಷ. ತೊಳೆದ ದ್ರಾವಕವನ್ನು ತುಂಬಿಕೊಂಡ ಟ್ಯಾಂಕರ್ ರಾತ್ರಿ ಯಾವ ಹಳ್ಳದ ಕಡೆ ಹೋಗುತ್ತದೆಂದು ದಯವಿಟ್ಟು ಮೊದಲೇ ತಿಳಿಸಿ, ಆ ಊರಿನವರು ಈಗಲೇ ಅರ್ಜಿ ಬರೆದಿಟ್ಟುಕೊಳ್ಳಲಿ.