ಮೂರು ನಿಮಿಷದ ಸೀಟಿ

ಅಂಗಾಲಲ್ಲಿ ಮುಳ್ಳು ಮುರಿದುಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ. ಯಾವ ಮುಳ್ಳು ಅಂತ ಬಳ್ಳಾರಿಯವರಿಗೆ ಹೇಳಬೇಕಿಲ್ಲ. ಎಲ್ಲಿಂದಲೋ ಬಂದ ಗಿಡಕ್ಕೆ ರಾಜ್ಯವೆಲ್ಲ ಸೇರಿ 'ಬಳ್ಳಾರಿ ಜಾಲಿ' ಅಂತ ನಮ್ಮೂರ ಹೆಸರು ಇಟ್ಟುಬಿಟ್ಟಿದೆ. ಹೆಂಡತಿ ಪಿನ್ನಿನಿಂದ ಕೆದಕುತ್ತಾ, "ಈ ವಯಸ್ಸಿನಾಗ ಚೆಂಡು ಹುಡುಕಾಕ ಹೋಗೋದು ಬ್ಯಾರೆ" ಅಂದಳು. ಪಿನ್ನು ಬೇಕಾದ್ದಕ್ಕಿಂತ ಒಂದಿಷ್ಟು ಆಳಕ್ಕೇ ಹೋಯಿತು.

ಚೆಂಡು ಗಾಲ್ಫಿನದು. ನಗಬೇಡಿ. ಮೋಕಾ ರಸ್ತೆಯ ಕಡೆ ಗೆಳೆಯನ ಎರೆಹೊಲವೊಂದು ಬೀಳು ಬಿದ್ದಿತ್ತು. ಆರು ಜನ ಸೇರಿ ಅಲ್ಲಿ ಆರು ಕುಳಿ ಮಾಡಿಕೊಂಡಿದ್ದೇವೆ. ಹದಿನೆಂಟು ಬೇಕಂತೆ, ಅದೇ ಆರನ್ನು ಮೂರು ಸಲ ಸುತ್ತಿದರೆ ಲೆಕ್ಕ ಸರಿಹೋಯಿತಲ್ಲ. ನಿಯಮದಂತೆ ಒಬ್ಬ ಆಟಗಾರ 14 ಸ್ಟಿಕ್ ಇಟ್ಟುಕೊಳ್ಳಬಹುದು. ನಮ್ಮ ಆರೂ ಜನಕ್ಕೆ ಸೇರಿ ಐದಿವೆ. ಕುಳಿ 108 ಮಿ.ಮೀ. ಅಗಲ ಇರಬೇಕು. ಮಳೆ ಬಿದ್ದ ಮರುದಿನ ಹಸಿ ನೆಲಕ್ಕೆ 110ರ ಪಿವಿಸಿ ಪೈಪು ಒತ್ತಿ ತಿರುವಿ ಕೊರೆದೆವು. ಎರಡು ಮಿಲಿಮೀಟರ್ ಕೊಸರು.

ಹುಲ್ಲಿನ ಮಾತು ಎತ್ತಬೇಡಿ. ನೀರಿಲ್ಲದ ಊರುಗಳಲ್ಲಿ ಹಿಂದಿನಿಂದಲೂ ಕುಳಿಯ ಸುತ್ತ ಎಣ್ಣೆ ಕಲಸಿದ ಮರಳು ಹಾಸುತ್ತಿದ್ದರು. ಕುಳಿಯ ಸುತ್ತಲ ಹುಲ್ಲಿಗೆ 'ಗ್ರೀನ್' ಅಂದರೆ ಅದಕ್ಕೆ 'ಬ್ರೌನ್' ಅಂತಲೇ ಹೆಸರು. ನಾವು ಗ್ಯಾರೇಜಿನ ಸುಟ್ಟ ಆಯಿಲ್ ತಂದು ಸುರಿದದ್ದರಿಂದ ನಮ್ಮದು ಕಪ್ಪು. ಶೂ ಹಾಳಾಗುತ್ತದೆಂದು ನಾನು ಚಪ್ಪಲಿಯಲ್ಲೇ ಆಡುತ್ತೇನೆ. ಬೇಸಿಗೆಯಲ್ಲಿ ಎರೆ ಬಿರಿದರೆ ಚೆಂಡು ಸೀತಮ್ಮನ ಹಾಗೆ ಭೂಮಿಯೊಳಗೆ ಹೋಗಿಬಿಡುತ್ತದೆ. ಅತ್ತೆಯಂತೂ ಅಳಿಯ ವಾರವಾರ ಗಲ್ಫಿಗೆ ಹೋಗ್ತಾನೆ ಎಂದು ಓಣಿಗೆಲ್ಲ ಸಾರಿದ್ದಾರೆ. ಪಕ್ಕದ ಮನೆಯವರು ಖರ್ಜೂರ ತರಲಿಲ್ಲವೇ ಎಂದು ಕೇಳಿದ್ದೂ ಆಗಿದೆ.

ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ ಕಟ್ಟಿದವರು ಬಳ್ಳಾರಿ ಜಾಲಿ ನೋಡಿರಲಿಲ್ಲ. ಆಡುಗಳು ಸೊಪ್ಪು ಬಿಟ್ಟು ಸಿಹಿ ಕಾಯಿ ಮಾತ್ರ ತಿಂದು, ಹಿಕ್ಕೆಯ ಜೊತೆ ಬೀಜವನ್ನು ನಮ್ಮ ಮೈದಾನದ ತುಂಬ ಬಿತ್ತುತ್ತವೆ. ಆಡು ಕಾಯುವ ಹುಡುಗ ಆ ಪೊದೆಗಳಿಂದ ಚೆಂಡು ಆರಿಸಿ ನಮಗೇ ಮಾರುತ್ತಾನೆ. ಉಗುರುಬಣ್ಣದ ಚುಕ್ಕೆ ಇಟ್ಟ ನನ್ನದೇ ಚೆಂಡನ್ನು ಮೂರು ಸಲ ಕೊಂಡಿದ್ದೇನೆ. ಹತ್ತು ರೂಪಾಯಿ ಇದ್ದದ್ದು ಈಗ ಇಪ್ಪತ್ತು.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಕಂಟ್ರೋಲರ್ ಮಾಮನ ಸೀಟಿ. ಅವರು ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಮಾಮ ರಿಟೈರಾದರು, ಸೀಟಿ ಆಗಲಿಲ್ಲ. ಕಳೆದುಹೋದ ಚೆಂಡು ಹುಡುಕಲು 2019ರಿಂದ ಐದು ನಿಮಿಷವಲ್ಲ, ಮೂರೇ ನಿಮಿಷ ಎಂದು ಯಾವನೋ ಪುಣ್ಯಾತ್ಮ ಅವರ ಮುಂದೆ ಓದಿಬಿಟ್ಟ. ಅಂದಿನಿಂದ ನಾನು ಪೊದೆಗೆ ತಲೆ ತೂರಿಸಿದರೆ ಸಾಕು, ಮಾಮ ಬೇವಿನ ನೆರಳಿಗೆ ಹೋಗಿ ವಾಚು ಹಿಡಿದು ನಿಲ್ಲುತ್ತಾರೆ. ಹುಡುಕಲು ಬರುವುದಿಲ್ಲ. ಅದು ಅವರ ಡ್ಯೂಟಿ ಅಲ್ಲ.

"ಒಂದ್ ನಿಮಿಷ ಆತು!"

ನನ್ನ ಅಂಗಿ ಮುಳ್ಳಿಗೆ ಸಿಕ್ಕಿರುತ್ತದೆ.

"ಎರಡಾತು! ಹತ್ತೋರು ಹತ್ರಿ!"

ಒಂದು ಸಲ ಚೆಂಡು ಕಣ್ಣಿಗೆ ಬಿದ್ದು, ಕೈ ಚಾಚಿದ್ದೆ, ಇನ್ನೊಂದು ಗೇಣು ಅಷ್ಟೇ. ಸೀಟಿ ಊದಿದರು.

"ಮಾಮ, ಕಂಡೈತ್ರೀ!"

"ಬಸ್ ಕಂಡ್ರ ಹತ್ತಿದಂಗನಾ? ಹೋತು ತಮ್ಮಾ. ಹಿಂದಕ್ಕ ಹೋಗಿ ಹೊಡಿ, ಒಂದು ದಂಡ."

ಮೂರು ನಿಮಿಷದೊಳಗೆ ಕಂಡರೆ ಸಾಕು ಅಂತ ಮನೆಗೆ ಬಂದು ಓದಿಕೊಂಡೆ. ಏನು ಉಪಯೋಗ? ಸೀಟಿ ಊದಿದ ಮೇಲೆ ಯಾವ ಬಸ್ಸು ವಾಪಸ್ ಬಂದಿದೆ?

ಹೋದ ತಿಂಗಳು ಮಾಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ಎರಡು ಭಾನುವಾರ ಬರಲಿಲ್ಲ. ನನಗೆ ಹಬ್ಬ ಅಂದುಕೊಂಡೆ. ಇಪ್ಪತ್ತು ನಿಮಿಷ ಹುಡುಕಿದೆ. ಯಾರೂ ಏನೂ ಅನ್ನಲಿಲ್ಲ. ಉಳಿದವರು ಮಿರ್ಚಿ ಪೊಟ್ಟಣ ಬಿಚ್ಚಿ ಕೂತಿದ್ದರು. ಚೆಂಡು ಸಿಕ್ಕಿತು. ಎತ್ತಿ ತೋರಿಸಿದೆ. ಬೇವಿನ ನೆರಳಲ್ಲಿ ಒಂದು ನಾಯಿ ಮಲಗಿತ್ತು. ದೂರದಲ್ಲಿ ಗುಡ್ಡ, ಅದರ ಮೇಲೆ ಕೋಟೆ, ಎರಡೂ ಧೂಳಲ್ಲಿ ಮಸುಕಾಗಿದ್ದವು. ಯಾಕೋ ಆಟ ಸಾಕೆನಿಸಿ ಎಲ್ಲರೂ ಬೇಗ ಎದ್ದೆವು.

ಇವತ್ತು ಮಾಮ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ನಾನು ರೂಢಿಯಂತೆ ಜಾಲಿಯೊಳಗೆ.

"ತಮ್ಮಾ, ವಾಚ್ ಕಾಣವಲ್ದು. ಟೈಮ್ ಎಷ್ಟಾತು, ನೀನಾ ನೋಡಿ ಹೇಳು."

ಮೊಬೈಲ್ ನೋಡಿದೆ. ನಾಲ್ಕು ನಿಮಿಷ ದಾಟಿತ್ತು.

"ಈಗ ಒಂದೂವರೆ ಮಾಮ."

ಮಾಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾಕಾಗೈತಿ. ಡ್ರೈವರ್‌ಗಳ ಸುಳ್ಳು ಕೇಳಿ ಕೇಳಿ ರಿಟೈರಾದೋನು ನಾನು" ಅಂದವರೇ ಎರಡು ವಾರದ ಬಾಕಿಯನ್ನೂ ಸೇರಿಸಿ ಊದಿದರು. ಬೆಚ್ಚಿ ಒಂದು ಹೆಜ್ಜೆ ಹಿಂದಿಟ್ಟೆ. ಚಪ್ಪಲಿಯ ಕೆಳಗೆ ಕಟಕ್ ಅಂತು.